ಕುರೊಕಾವಾದಲ್ಲಿ ಉಮ್ಮನ ಬಿಸಿನೀರ ಸ್ನಾನ

ಪತಿಯ ಉದ್ಯೋಗದ ನಿಮಿತ್ತ ನಾವು ಜಪಾನಿನ ಫುಕುವೋಕಾ ನಗರಕ್ಕೆ ಬಂದ ಹೊಸದು. ನೆರೆಮನೆಯ ಗೃಹಿಣಿಯೊಬ್ಬರು ಪ್ರೀತಿಯಿಂದ ಕರೆದರು: "ಭಾನುವಾರ ನಾವು ಹೆಂಗಸರೆಲ್ಲ ಒನ್ಸೆನ್‌ಗೆ ಹೋಗುತ್ತಿದ್ದೇವೆ, ನೀವೂ ಬನ್ನಿ."

ಒನ್ಸೆನ್ ಎಂದರೆ ಭೂಮಿಯೊಳಗಿನಿಂದ ಉಕ್ಕುವ ಬಿಸಿನೀರಿನ ಸ್ನಾನ. ಸಾಮಾನ್ಯವಾಗಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳಗಳಿರುತ್ತವೆ. ಆದರೆ ಕೊಳಕ್ಕಿಳಿಯುವಾಗ ಮೈಮೇಲೆ ಬಟ್ಟೆ ಇರಬಾರದು ಎಂಬುದು ಅಲ್ಲಿನ ನಿಯಮ. ಜಪಾನೀಯರಿಗೆ ಇದರಲ್ಲಿ ಸಂಕೋಚವಿಲ್ಲ. ತಾಯಿ, ಮಗಳು, ಅಜ್ಜಿ ಎಲ್ಲರೂ ಒಟ್ಟಿಗೇ ಕೂರುತ್ತಾರೆ. ನನಗೆ ಮಾತ್ರ ಸಾಧ್ಯವಿರಲಿಲ್ಲ. ಏನೋ ನೆಪ ಹೇಳಿ ತಪ್ಪಿಸಿಕೊಂಡೆ. ಈ ದೇಶದ ಒನ್ಸೆನ್ ನಮ್ಮಂತಹವರಿಗಲ್ಲ ಎಂದು ಅಂದೇ ತೀರ್ಮಾನಿಸಿದ್ದೆ.

ಮರುವರ್ಷ ಚಳಿಗಾಲದಲ್ಲಿ ಉಮ್ಮ ಊರಿನಿಂದ ಬಂದರು. ದಕ್ಷಿಣ ಕನ್ನಡದ ಸೆಕೆಯಲ್ಲಿ ಬೆಳೆದ ಜೀವ. ಜನವರಿಯ ಚಳಿಗೆ ಅವರ ಮಂಡಿನೋವು ಇಮ್ಮಡಿಯಾಯಿತು. ರಾತ್ರಿ ಕಾಲು ಒತ್ತುತ್ತಾ ಕೂತಿದ್ದಾಗ ನಮ್ಮವರು, "ಮಾಮಿಯನ್ನು ಒಂದು ದಿನ ಬಿಸಿನೀರಿನ ಊರಿಗೆ ಕರೆದುಕೊಂಡು ಹೋಗೋಣ" ಎಂದರು. ಉಮ್ಮ ವಿಷಯ ತಿಳಿದೊಡನೆ, "ಈ ಪ್ರಾಯದಲ್ಲಿ ನನ್ನ ಹಯಾ ಕಳೆಯಬೇಡಿ ಮಕ್ಕಳೇ, ಹೆಂಗಸರ ಮುಂದೆಯಾದರೂ ಅದು ಸರಿಯಲ್ಲ" ಎಂದು ಕೈಮುಗಿದರು.

ಆಗ ನಮ್ಮವರು ಇನ್ನೊಂದು ದಾರಿ ಹೇಳಿದರು. 'ಕಾಝೊಕು ಬುರೊ' ಎಂಬುದೊಂದಿದೆಯಂತೆ. ಅಂದರೆ ಕುಟುಂಬ ಸ್ನಾನ. ಒಳಗಿನಿಂದ ಚಿಲಕ ಹಾಕಿಕೊಂಡು ನಮ್ಮಷ್ಟಕ್ಕೆ ಬಳಸಬಹುದಾದ ಕೊಳ. ಕೆಲವು ವಸತಿಗಳಲ್ಲಿ ಕೋಣೆಗೇ ಸೇರಿದ ಕೊಳವಿರುತ್ತದೆ, ಬೇರೆಯವರಿಗೆ ಪ್ರವೇಶವೇ ಇಲ್ಲ. "ಚಿಲಕ ಇದೆಯಾ?" ಎಂದು ಉಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ನಾವು ಆರಿಸಿಕೊಂಡದ್ದು ಕುಮಾಮೊಟೊ ಪ್ರಾಂತದ ಕುರೊಕಾವಾ. ಫುಕುವೋಕಾದಿಂದ ಬಸ್ಸಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಅಸೊ ಎಂಬ ಜೀವಂತ ಅಗ್ನಿಪರ್ವತದ ಉತ್ತರಕ್ಕೆ, ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ, ತೊರೆಯೊಂದರ ಇಕ್ಕೆಲಗಳಲ್ಲಿ ಹಬ್ಬಿದ ಪುಟ್ಟ ಊರು. ಜಪಾನಿನಲ್ಲಿ 111 ಜೀವಂತ ಅಗ್ನಿಪರ್ವತಗಳಿವೆ, ಬಿಸಿನೀರಿನ ಬುಗ್ಗೆಗಳು 27 ಸಾವಿರಕ್ಕೂ ಅಧಿಕ. ಭೂಮಿಯೊಳಗಿನ ಕಾವು ಒಂದೆಡೆ ಬೆಂಕಿಯಾಗಿ ಹೆದರಿಸುತ್ತದೆ, ಇನ್ನೊಂದೆಡೆ ಬಿಸಿನೀರಾಗಿ ನೋವು ಶಮನ ಮಾಡುತ್ತದೆ. ಎಲ್ಲ ಬಿಸಿನೀರನ್ನೂ ಒನ್ಸೆನ್ ಎಂದು ಕರೆಯುವಂತಿಲ್ಲ. ಬುಗ್ಗೆಯಲ್ಲಿ ನೀರು ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಲ್ಲವೇ ಗೊತ್ತುಪಡಿಸಿದ ಖನಿಜಗಳಿರಬೇಕು ಎಂದು 1948ರ ಕಾನೂನು ಹೇಳುತ್ತದೆ.

ಕುರೊಕಾವಾದಲ್ಲಿ ಇರುವುದು ಸುಮಾರು ಮೂವತ್ತು ವಸತಿಗೃಹಗಳು. ಒಂದು ಕಾಲದಲ್ಲಿ ಇಲ್ಲಿಗೆ ಬರುವವರೇ ಕಡಿಮೆಯಾಗಿದ್ದರು. ಆಗ ಗೊಟೊ ತೆತ್ಸುಯಾ ಎಂಬ ವಸತಿಗೃಹದ ಮಾಲಕರು ಉಳಿ ಸುತ್ತಿಗೆ ಹಿಡಿದು ತಾವೇ ಬಂಡೆ ಕೊರೆದು ಗುಹೆಯೊಳಗೆ ಸ್ನಾನದ ಕೊಳ ಮಾಡಿದರು. ಅವರನ್ನು ಕಂಡು ಉಳಿದವರೂ ಮುಂದೆ ಬಂದರು. ಕಣ್ಣು ಕುಕ್ಕುವ ಜಾಹೀರಾತು ಫಲಕಗಳನ್ನು ಕಿತ್ತು ಹಾಕಿ ಎಲ್ಲೆಡೆ ಮರ ನೆಟ್ಟರು. 1986ರಿಂದ ಮರದ ಬಿಲ್ಲೆಯೊಂದನ್ನು ಮಾರತೊಡಗಿದರು. ಅದನ್ನು ಕೊಂಡವರು ಬೇರೆ ಬೇರೆ ವಸತಿಗೃಹಗಳ ಮೂರು ಕೊಳಗಳಲ್ಲಿ ಸ್ನಾನ ಮಾಡಬಹುದು. ನನ್ನ ಅಂಗಡಿ, ನಿನ್ನ ಅಂಗಡಿ ಎಂದು ಕಚ್ಚಾಡುವ ಬದಲು ಇಡೀ ಊರೇ ಒಂದು ವಸತಿಗೃಹ ಎಂದು ಬಗೆದ ಫಲವಾಗಿ ಊರು ಉಳಿಯಿತು.

ನಮ್ಮ ವಸತಿ ಊರಿನಿಂದ ಸ್ವಲ್ಪ ದೂರ, ಕಾಡಿನ ಅಂಚಿನಲ್ಲಿತ್ತು. ಇಂತಹ ಸಾಂಪ್ರದಾಯಿಕ ವಸತಿಗೃಹಕ್ಕೆ 'ರ‍್ಯೋಕಾನ್' ಎನ್ನುತ್ತಾರೆ. ಬಾಗಿಲಲ್ಲೇ ಚಪ್ಪಲಿ ಕಳಚಬೇಕು. "ಇದು ನಮ್ಮ ಮನೆಯ ಪದ್ಧತಿಯೇ" ಎಂದು ಉಮ್ಮ ಖುಷಿಪಟ್ಟರು. ಮಂಚ, ಕುರ್ಚಿ ಇಲ್ಲದ ಚಾಪೆಯ ಕೋಣೆ. ನಮಾಝ್‌ಗೆ ಅದಕ್ಕಿಂತ ಅನುಕೂಲದ ಜಾಗ ಬೇರೆ ಬೇಕೇ? ಉಡಲು ಯುಕಾತಾ ಎಂಬ ಹತ್ತಿಯ ನಿಲುವಂಗಿ ಕೊಟ್ಟರು. ಉಮ್ಮ ತಮ್ಮ ಉಡುಪಿನ ಮೇಲೆಯೇ ಅದನ್ನು ಸುತ್ತಿಕೊಂಡರು. ಅದನ್ನು ಕಂಡ ಗೃಹದೊಡತಿ ಓಡಿ ಬಂದು ಸರಿಪಡಿಸಿದರು. ಎಡ ಅಂಚು ಮೇಲೆ ಬರಬೇಕಂತೆ. ಬಲ ಅಂಚು ಮೇಲೆ ಬರುವಂತೆ ಸುತ್ತುವುದು ಮೃತದೇಹಕ್ಕೆ ಮಾತ್ರ! "ಯಾ ಅಲ್ಲಾಹ್, ಸ್ನಾನಕ್ಕೆ ಮೊದಲೇ ಕಳಿಸಿಬಿಡುತ್ತಿದ್ದೆವಲ್ಲ" ಎಂದು ಉಮ್ಮ ನಕ್ಕರು.

ಊಟದ ಬಗ್ಗೆ ನಮಗೆ ಹೆಚ್ಚು ಆತಂಕವಿತ್ತು. ಕುಮಾಮೊಟೊದಲ್ಲಿ ಕುದುರೆಯ ಹಸಿ ಮಾಂಸ ವಿಶೇಷ ಭಕ್ಷ್ಯ. ಮೀನು, ತರಕಾರಿ ಪದಾರ್ಥಗಳಿಗೂ ಮಿರಿನ್ ಎಂಬ ಅಕ್ಕಿಯ ಮದ್ಯ ಬೆರೆಸುವುದುಂಟು. ಹಾಗಾಗಿ ಮಾಂಸ, ಮದ್ಯ, ಮಿರಿನ್ ಯಾವುದೂ ಬೇಡವೆಂದು ನಮ್ಮವರು ಎರಡು ವಾರ ಮೊದಲೇ ಜಪಾನಿ ಭಾಷೆಯಲ್ಲಿ ಬರೆದು ಕಳಿಸಿದ್ದರು. ರಾತ್ರಿ ಉಪ್ಪು ಸವರಿ ಕೆಂಡದಲ್ಲಿ ಸುಟ್ಟ ಹೊಳೆಮೀನು, ತೋಫು, ಎಣ್ಣೆಯಲ್ಲಿ ಕರಿದ ತರಕಾರಿ, ಬಿಸಿ ಅನ್ನ ಬಂತು. ಬಡಿಸುತ್ತಿದ್ದ ಗೃಹದೊಡತಿ ಒಂದು ಪುಟ್ಟ ಬಟ್ಟಲನ್ನು ಕಂಡು ತಡೆದರು. ಒಳಗೆ ಹೋಗಿ ವಿಚಾರಿಸಿ ಬಂದು ತಲೆಬಾಗಿ, "ಇದರ ಸಾರಿನಲ್ಲಿ ಮಿರಿನ್ ಸೇರಿದೆ, ಕ್ಷಮಿಸಿ" ಎಂದು ಅದನ್ನು ತೆಗೆದುಕೊಂಡು ಹೋದರು. ಅವರು ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಉಮ್ಮನನ್ನು ಕೊಳಕ್ಕೆ ಕರೆದೊಯ್ದೆ. ಕೋಣೆಯ ಹಿಂದೆ ಬಿದಿರಿನ ಎತ್ತರದ ಬೇಲಿ, ನಡುವೆ ಕಲ್ಲಿನ ಕೊಳ, ಮೇಲೆ ತೆರೆದ ಆಕಾಶ. ಮೊದಲು ಪುಟ್ಟ ಮಣೆಯ ಮೇಲೆ ಕೂತು ಸಾಬೂನು ಹಚ್ಚಿ ಮೈ ತೊಳೆದ ನಂತರವೇ ನೀರಿಗಿಳಿಯಬೇಕು. ಕೊಳಕ್ಕೆ ಸಾಬೂನು, ಬೈರಾಸು ತಾಗಿಸಬಾರದು. ಎಲ್ಲ ತೋರಿಸಿಕೊಟ್ಟು, "ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ತಲೆ ಸುತ್ತೀತು" ಎಂದು ಎಚ್ಚರಿಸಿ ಹೊರಬಂದೆ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಹತ್ತು ನಿಮಿಷವಾಯಿತು, ಹದಿನೈದಾಯಿತು. ಗಾಬರಿಯಾಗಿ ಬಾಗಿಲು ತಟ್ಟಿದೆ. "ಅಂಚಿನಲ್ಲಿ ಕೂತು ಕಾಲು ಮಾತ್ರ ಇಳಿಬಿಟ್ಟಿದ್ದೇನೆ. ಹೊರಗೆ ಯಾರಾದರೂ ಕಾಯುತ್ತಿದ್ದಾರಾ ಮಗಳೇ?" ಎಂದರು ಉಮ್ಮ.

"ಯಾರೂ ಇಲ್ಲ ಉಮ್ಮಾ."

"ಹಾಗಾದರೆ ಇನ್ನೂ ಸ್ವಲ್ಪ ಹೊತ್ತು ಕೂರುತ್ತೇನೆ."

ಆ ಮಾತು ಕೇಳಿ ನನ್ನ ಎದೆ ಭಾರವಾಯಿತು. ನಮ್ಮದು ಹದಿಮೂರು ಜನರ ಕೂಡುಕುಟುಂಬ. ಸುಬ್ಹಿಗೆ ಮೊದಲೇ ಎದ್ದು ಬಚ್ಚಲೊಲೆಗೆ ತೆಂಗಿನ ಮಡಲು ತುರುಕಿ ಹಂಡೆ ಕಾಯಿಸುತ್ತಿದ್ದವರು ಉಮ್ಮ. ಬಾಪ, ಚಿಕ್ಕಪ್ಪಂದಿರು, ಶಾಲೆಗೆ ಹೋಗುವ ನಾವು ಎಲ್ಲರೂ ಮಿಂದಾದ ಮೇಲೆ, ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಅವರ ಸರದಿ. ಅಷ್ಟರಲ್ಲಿ ಹಂಡೆಯ ತಳದಲ್ಲಿ ನಾಲ್ಕು ಚೆಂಬು ಉಗುರುಬೆಚ್ಚಗಿನ ನೀರು. ಅದನ್ನೂ ಮುಗಿಸುವ ಮುನ್ನ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಎಷ್ಟೋ ಸಲ ಬಡಿದದ್ದು ನಾನೇ.

ಮರುದಿನ ಬೆಳಿಗ್ಗೆ ಚಹಾ ತಂದ ಗೃಹದೊಡತಿಗೆ ಇದನ್ನು ನಮ್ಮವರು ಹೇಳಿದರು. ಅವರೂ ಸುಮಾರು ಉಮ್ಮನ ಪ್ರಾಯದವರು. ಜಪಾನಿನ ಮನೆಗಳಲ್ಲೂ ಒಂದೇ ತೊಟ್ಟಿಯ ನೀರಿನಲ್ಲಿ ಒಬ್ಬರಾದ ಮೇಲೊಬ್ಬರು ಮೀಯುವುದು ಹಳೆಯ ವಾಡಿಕೆ. ಮೊದಲು ಅತಿಥಿ, ಬಳಿಕ ಯಜಮಾನ, ಕಟ್ಟಕಡೆಗೆ ಮನೆಯ ಹೆಂಗಸು. "ನನ್ನ ತಾಯಿಯೂ ಕೊನೆಗೇ ಮೀಯುತ್ತಿದ್ದರು" ಎಂದು ಆಕೆ ಉಮ್ಮನ ಕೈ ಹಿಡಿದುಕೊಂಡರು. ಇಬ್ಬರಿಗೂ ಪರಸ್ಪರರ ಭಾಷೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ.

ಇಂತಹ ಪ್ರವಾಸ ಬಯಸುವ ಸಹೋದರಿಯರಿಗೆ ಎರಡು ಮಾತು. ಕೋಣೆಗೇ ಕೊಳವಿರುವ ವಸತಿ ದುಬಾರಿ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕುಟುಂಬ ಸ್ನಾನ ಕಡಿಮೆ ಖರ್ಚಿನದ್ದು. ಊಟದ ವಿಷಯ ಮುಂಗಡವಾಗಿ ಬರೆದು ತಿಳಿಸಿ, ಅಲ್ಲಿ ಹೋಗಿ ಹೇಳಿದರೆ ಪ್ರಯೋಜನವಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ನೀರಿಗಿಳಿಯಲಿ.

ಉಮ್ಮನ ಮಂಡಿನೋವು ಎರಡು ದಿನ ಕಡಿಮೆಯಿದ್ದು ಮತ್ತೆ ಮರಳಿತು. ಒಂದು ಸ್ನಾನದಿಂದ ಮಾಯವಾಗುವ ನೋವು ಅದಲ್ಲ. ಅವರು ಊರಿಗೆ ಮರಳಿದ ದಿನ ತಮ್ಮನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ: "ಇನ್ನು ಮೇಲೆ ನಮ್ಮ ಮನೆಯಲ್ಲಿ ಮೊದಲ ಸ್ನಾನ ಉಮ್ಮನದ್ದು. ಅವರು ಹೊರಬರುವ ತನಕ ಯಾರೂ ಬಾಗಿಲು ಬಡಿಯಬಾರದು."

ಅದಕ್ಕೆ ಜಪಾನಿಗೆ ಹೋಗಬೇಕಾಗಿಲ್ಲ ಎಂಬುದು ನನಗೆ ಅರಿವಾದದ್ದು ಮಾತ್ರ ಜಪಾನಿಗೆ ಹೋದ ಮೇಲೆಯೇ.