ನೀರು ಮೊದಲು, ಉರಿ ಅನಂತರ

ಬಳ್ಳಾರಿಯ ಬಿಸಿಲಿನ ನಾಡಿನಲ್ಲಿ ಬಿಸಿನೀರಿನ ಮಾತೇಕೆ ಎನಿಸಬಹುದು. ಮಾಗಿಯ ನಸುಕಿನಲ್ಲಿ ಮಿಂದು ಪೂಜೆಗೆ ಕೂಡುವ ವೃದ್ಧರು ಅದರ ಬೆಲೆ ಬಲ್ಲರು.

ನಗರದ ಹಿರಿಯ ದಂಪತಿಗಳು ಮಗನು ಬಾಡಿಗೆಗೆ ತಂದ ಕ್ಯಾರವಾನ್ ವಾಹನದಲ್ಲಿ ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನ ಪಡೆದು, ಸಿರುಗುಪ್ಪದ ಬಳಿ ತುಂಗಭದ್ರೆಯ ದಡದಲ್ಲಿ ತಂಗಿದರು. ಮುಂಜಾನೆ ಮೊಮ್ಮಗನು ಗೀಸರಿನ ಗುಂಡಿಗೆ ಕೈಯಿಟ್ಟಾಗ ಅಜ್ಜಿ ಕೇಳಿದರು: "ತಡಿಯಪ್ಪಾ, ಹಂಡ್ಯಾಗ ನೀರು ಅದಾವೇನು?" ನೋಡಿದರೆ ಟ್ಯಾಂಕು ಬರಿದಾಗಿತ್ತು.

ಆ ಪ್ರಶ್ನೆಯಲ್ಲಿಯೇ ಯಂತ್ರದ ಮರ್ಮವಿದೆ. ನೀರಿಲ್ಲದೆ ಕರೆಂಟು ಹರಿದರೆ ಕಾಯಿಸುವ ಸುರುಳಿ ಬೇಗನೆ ಸುಟ್ಟುಹೋಗುತ್ತದೆ. ಆದುದರಿಂದ ಮೊದಲು ಪಂಪು ಹಾಕಿ ಬಿಸಿನೀರಿನ ನಲ್ಲಿಯನ್ನು ತೆರೆದಿಡಬೇಕು. ಗಾಳಿಯ ಬುಸುಗುಟ್ಟುವಿಕೆ ನಿಂತು ನೀರು ಒಂದೇ ಸಮನೆ ಧಾರೆಯಾದರೆ ಟ್ಯಾಂಕು ತುಂಬಿತೆಂದರ್ಥ. ಗುಂಡಿ ಒತ್ತುವುದು ಆ ಬಳಿಕ. ಗ್ಯಾಸಿನಿಂದ ಕಾಯಿಸುವ ಗೀಸರಾದರೆ ವಾಹನದ ಹೊರಬದಿಯ ಹೊಗೆಗಂಡಿ ಮುಚ್ಚಿರಲಾಗದು. ಅಲ್ಲಿಂದ ಹೊರಹೋಗಬೇಕಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಪ್ರಾಣ ತೆಗೆಯುತ್ತದೆ. ಪೆಟ್ರೋಲ್ ಬಂಕಿಗೆ ಹೋಗುವ ಮುನ್ನವೂ ಉರಿ ಆರಿಸಿರಬೇಕು.

ಅಜ್ಜಿ ಗೀಸರಿನ ಕೈಪಿಡಿ ಓದಿದವರಲ್ಲ. ಬಚ್ಚಲೊಲೆಯ ಮುಂದೆ ಕುಳಿತು, ತಾಮ್ರದ ಹಂಡೆ ತುಂಬಿದ ಮೇಲೆಯೇ ಕಟ್ಟಿಗೆಗೆ ಉರಿ ಹಚ್ಚಿದವರು. ಅಂದಿನ ಆ ಎಚ್ಚರ ಇಂದು ಮೊಮ್ಮಗನ ಕೈಯನ್ನು ತಡೆಯಿತು. ಅರಿವು ಆಚಾರವಾಗುವುದು ಇಂಥ ನಿತ್ಯದ ಕಾಯಕದಲ್ಲಿಯೇ ಅಲ್ಲವೇ?