ನೀರು ತಿಳಿಯಾಗಿದ್ದರೂ ಮೀನು ಸಾಯುವುದೇಕೆ?

ನಮ್ಮ ಮನೆಗಳಲ್ಲಿ ಮೀನು ಸಾಕುವ ರೂಢಿ ಹಿಂದೆ ಇರಲಿಲ್ಲ. ಮೀನೆಂಬ ಮಾತೇ ಹೊಸ್ತಿಲಿನ ಆಚೆಗೆ ನಿಲ್ಲತಕ್ಕದ್ದೆಂದು ಭಾವಿಸಿದ್ದ ಹಿರಿಯರನ್ನು ನಾನು ಬಲ್ಲೆ. ಈಗ ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಸ ಮನೆಗಳ ಹಜಾರದಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಕಾಣುವುದು ಅಪರೂಪವಲ್ಲ. ಕೆಲವರು ಮಕ್ಕಳ ಸಂತೋಷಕ್ಕಾಗಿ ತರುತ್ತಾರೆ. ಕೆಲವರು ವಾಸ್ತು ಹೇಳುವವರ ಮಾತು ನಂಬಿ ತರುತ್ತಾರೆ. ಮೀನು ಸತ್ತಾಗ ಮಾತ್ರ ಎಲ್ಲೆಡೆಯೂ ಒಂದೇ ಸಮಾಧಾನ ಕೇಳಿಬರುತ್ತದೆ: “ಮನೆಗೆ ಬರಬೇಕಾಗಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತು.” ಶರಣರ ಹೆಸರು ಹೇಳುವ ನಾವು ಈ ಮಾತನ್ನು ಆಡಬಾರದು. ಆ ಮೂಕಜೀವಿ ಸತ್ತದ್ದು ಕಂಟಕದಿಂದಲ್ಲ, ನಾವು ಕೊಟ್ಟ ನೀರಿನಿಂದ.

ಮಳವಳ್ಳಿಯ ಬಂಧುಗಳೊಬ್ಬರ ಮನೆಯಲ್ಲಿ ಎಂಟು ಗೋಲ್ಡ್ ಫಿಶ್‌ಗಳಲ್ಲಿ ಐದು ಮೂರು ವಾರದೊಳಗೆ ಸತ್ತವು. “ನೀರು ಸ್ಫಟಿಕದಂತಿದೆಯಲ್ಲ ಸ್ವಾಮಿ, ಇನ್ನೇನು ಶುದ್ಧಿ ಬೇಕು?” ಎಂದು ಅವರು ಕೇಳಿದರು. ತೊಟ್ಟಿಯ ಜೊತೆಗೆ ಅಂಗಡಿಯವರು ಕೊಟ್ಟಿದ್ದ ಅಂಗೈಯಗಲದ ಫಿಲ್ಟರು ಕಸವನ್ನು ಹಿಡಿಯುತ್ತಿತ್ತು, ನಿಜ. ಆದರೆ ಮೀನಿನ ಕಿವಿರುಗಳಿಂದಲೂ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿಗೆ ಸೇರುವ ಅಮೋನಿಯಾ ಕಣ್ಣಿಗೆ ಕಾಣುವ ವಸ್ತುವಲ್ಲ. ಅವರದು ಬೋರ್‌ವೆಲ್ ನೀರು. ಗಡಸು ನೀರು ಸಾಮಾನ್ಯವಾಗಿ ಕ್ಷಾರಗುಣದ್ದಾಗಿರುತ್ತದೆ; ಕ್ಷಾರ ಹೆಚ್ಚಿದಂತೆ ಅಮೋನಿಯಾದ ವಿಷವೂ ಹೆಚ್ಚುತ್ತದೆ.

ಇದನ್ನು ಮಂಡ್ಯ ಸೀಮೆಯವರಿಗೆ ವಿವರಿಸುವುದು ಕಷ್ಟವಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯನ್ನು ರೈತರು ಗೊಬ್ಬರವೆಂದು ಹೊಲಕ್ಕೆ ಹಾಕುತ್ತ ಬಂದಿದ್ದಾರೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಆ ಸಾರಜನಕವನ್ನು ಪೈರು ಉಣ್ಣುವಂತೆ ಮಾರ್ಪಡಿಸುತ್ತವೆ. ನೀರಿನಲ್ಲಿಯೂ ನಡೆಯಬೇಕಾದುದು ಇದೇ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟನ್ನಾಗಿಸುತ್ತದೆ, ಅದೂ ವಿಷವೇ. ಮತ್ತೊಂದು ಬಗೆಯದು ಅದನ್ನು ನೈಟ್ರೇಟನ್ನಾಗಿಸುತ್ತದೆ. ಅದು ಅಷ್ಟು ಘಾತಕವಲ್ಲ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ನಾನು ಓದಿದ ಮಠದ ಕಲ್ಯಾಣಿಯಲ್ಲಿ ಪಾಚಿಗಟ್ಟಿದ ಹಸಿರು ನೀರಿತ್ತು, ಭಕ್ತರು ಎಸೆಯುವ ಪುರಿ ತಿಂದು ಮೀನುಗಳು ಸುಖವಾಗಿದ್ದವು. ಅಲ್ಲಿ ಕೆಸರು, ಕಲ್ಲು, ಪಾಚಿಗಳೇ ಫಿಲ್ಟರು; ಒಂದು ಮೀನಿಗೆ ಎಷ್ಟೋ ಕೊಡ ನೀರು. ಗಾಜಿನ ಪೆಟ್ಟಿಗೆಯಲ್ಲಿ ಆ ಸೌಕರ್ಯವಿಲ್ಲದ್ದರಿಂದ ಸೂಕ್ಷ್ಮಜೀವಿಗಳಿಗೆ ನಾವೇ ಮನೆ ಕಟ್ಟಿಕೊಡಬೇಕು. ಫಿಲ್ಟರೆಂದರೆ ಆ ಮನೆ. ಅದು ಬರಿಯ ಜರಡಿಯಲ್ಲ.

ಮಂಡ್ಯದಲ್ಲಿರುವ ನನ್ನ ಸೋದರಳಿಯ ದೊಡ್ಡ ತೊಟ್ಟಿ ಕೊಳ್ಳಲು ಹೊರಟು, “ಮಾವ, ಯಾವ ಫಿಲ್ಟರು ತರಲಿ?” ಎಂದಾಗ ಮೊದಲು ಲೆಕ್ಕ ಹಾಕೆಂದೆ. ಉದ್ದ 4 ಅಡಿ, ಅಗಲ 1.5 ಅಡಿ, ಎತ್ತರ 2 ಅಡಿ: 12 ಘನ ಅಡಿ, ಅಂದರೆ ಸುಮಾರು 340 ಲೀಟರು. ಮೇಲಿನ ಅಂಚು ಬಿಟ್ಟು, ತಳದ ಕಲ್ಲು ಕಳೆದರೆ 300 ಲೀಟರು. ಗಂಟೆಗೆ ನಾಲ್ಕೈದು ಬಾರಿ ಈ ನೀರೆಲ್ಲ ಫಿಲ್ಟರಿನ ಮೂಲಕ ಹಾಯಬೇಕೆಂದರೆ 1200ರಿಂದ 1500 ಲೀಟರಿನ ಹರಿವು ಬೇಕು. ಡಬ್ಬಿಯ ಮೇಲೆ ಬರೆದ ಅಂಕಿ ಎತ್ತರವಿಲ್ಲದೆ, ತಡೆಯಿಲ್ಲದೆ ಪಂಪು ನೂಕುವ ನೀರಿನದು. ನಾಲ್ಕಡಿ ಮೇಲೇರಿಸಿ ಸ್ಪಂಜಿನೊಳಗೆ ಹಾಯಿಸಿದರೆ ಬಹಳಷ್ಟು ಕುಗ್ಗುತ್ತದೆ. ಆದಕಾರಣ ಅಂಕಿಯಲ್ಲಿ ಧಾರಾಳ ಬೇಕು. ಹರಿವಿಗಿಂತಲೂ ಮುಖ್ಯವಾದುದು ಒಳಗೆ ತುಂಬುವ ಸ್ಪಂಜು ಮತ್ತು ಪಿಂಗಾಣಿ ಉಂಗುರಗಳ ಪ್ರಮಾಣ. ಇದ್ದಿಲಿನ ಚೀಲ ಬಣ್ಣ, ವಾಸನೆಗಳನ್ನು ಹೀರುತ್ತದೆ. ಅಮೋನಿಯಾದ ಮಟ್ಟಿಗೆ ಅದನ್ನು ನಂಬಲಾಗದು.

ಉಳಿದದ್ದು ಎರಡು ಆಯ್ಕೆ. ಮುಚ್ಚಿದ ಡಬ್ಬಿಯಂತಹ ಕ್ಯಾನಿಸ್ಟರ್ ಅಂದವಾಗಿದೆ, ಸದ್ದಿಲ್ಲ. ಆದರೆ ಕರೆಂಟು ಗಂಟೆಗಟ್ಟಲೆ ಹೋದರೆ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ, ನೀರು ಕೊಳೆಯುತ್ತದೆ. ಪಂಪು ಮತ್ತೆ ತಿರುಗಿದಾಗ ಆ ಕೊಳೆ ತೊಟ್ಟಿಗೆ ಬರುತ್ತದೆ. 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕಳಿಸಿದ ಶಿವನಸಮುದ್ರ ನಮ್ಮ ಜಿಲ್ಲೆಯದೇ. ಆದರೂ ಕರೆಂಟು ಹೋಗುವುದು ನಮಗೆ ಹೊಸತಲ್ಲ. ಹಾಗಾಗಿ ನಾನು ತೊಟ್ಟಿಯ ಕೆಳಗಿಡುವ ಸಂಪಿನ ಪಕ್ಷ ವಹಿಸಿದೆ. ಅದು ತೆರೆದ ಪಾತ್ರೆ, ಗಾಳಿ ಸೋಂಕುತ್ತದೆ, ತುಂಬುವ ಸಾಮಗ್ರಿಗೆ ಜಾಗ ಧಾರಾಳ. ಪಂಪು ನಿಂತಾಗ ಮೇಲಿನಿಂದ ಇಳಿದುಬರುವ ನೀರಿಗೆ ಸಂಪಿನಲ್ಲಿ ಜಾಗ ಉಳಿಸಿರಬೇಕು. ಇಲ್ಲದಿದ್ದರೆ ಹಜಾರವೇ ಕಲ್ಯಾಣಿಯಾದೀತು. ಬ್ಯಾಟರಿಯ ಗಾಳಿಪಂಪೊಂದು ಜೊತೆಗಿದ್ದರೆ ಮೀನುಗಳ ಉಸಿರಿಗೂ ಆಸರೆ.

ಗೃಹಿಣಿಯರಿಗೆ ಒಂದು ಮಾತು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ತೊಳೆಯಬೇಡಿ. ನಲ್ಲಿನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡಿದರೆ ಸಾಕು.

ಅಳಿಯನ ಮನೆಯಲ್ಲಿ ಸಂಪು ಜೋಡಿಸಿ ಪಂಪು ಓಡಿಸಿದ ಮೇಲೂ ಐದು ವಾರ ತೊಟ್ಟಿಯಲ್ಲಿ ಮೀನಿರಲಿಲ್ಲ. ದಿನಕ್ಕೊಂದು ಚಿಟಿಕೆ ಆಹಾರ ಉದುರಿಸಿ, ಪರೀಕ್ಷೆಯ ದ್ರಾವಣದ ಹನಿ ಹಾಕಿ ನೋಡುತ್ತಿದ್ದರು. ಬಂದ ನೆಂಟರು, “ಇದೇನು, ನೀರಿಗೇ ಊಟ ಹಾಕುತ್ತೀರಾ?” ಎಂದು ನಕ್ಕರು. ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಇಳಿದು, ಸೊನ್ನೆಯಲ್ಲಿ ನಿಂತ ಮೇಲೆ ಮೊದಲು ಎರಡು, ಹದಿನೈದು ದಿನ ಬಿಟ್ಟು ಇನ್ನೆರಡು ಗೋಲ್ಡ್ ಫಿಶ್ ತಂದರು. ಮಕ್ಕಳು ಹನ್ನೆರಡು ಬೇಕೆಂದು ಹಟ ಹಿಡಿದಿದ್ದರು, ಆರಕ್ಕೆ ಒಪ್ಪಂದವಾಗಿದೆ. ಪ್ರತಿ ಭಾನುವಾರ ತೆಗೆಯುವ ನೀರು ಪೂಜೆಯ ಹೂಗಿಡಗಳಿಗೆ ಹೋಗುತ್ತದೆ; ಈ ವರ್ಷ ದಾಸವಾಳ ಚೆನ್ನಾಗಿ ಬಿಟ್ಟಿದೆ.