ಮುಂಗೈ ಪಾಸು, ತೊಡೆಸಂದು ಫೇಲು

ಹರ್ನಿಯಾ ಆಪರೇಷನ್ನಿಗೆಂದು ಬೆಳಿಗ್ಗೆ ಆರೂವರೆಗೆ ಆಸ್ಪತ್ರೆ ಸೇರಿದವನು ಹತ್ತು ಗಂಟೆಗೆಲ್ಲ ಮನೆಯಲ್ಲಿ ಒಂದು ಬದಿಗೆ ವಾಲಿಕೊಂಡು ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದೆ. ಆಪರೇಷನ್ ಅಷ್ಟು ಬೇಗ ಮುಗಿಯಿತೇ ಎಂದು ಪಕ್ಕದ ಮನೆಯವರು ಕೇಳಿದರು. ಮುಗಿದಿರಲಿಲ್ಲ, ಶುರುವೇ ಆಗಿರಲಿಲ್ಲ. ಸರ್ಜನ್ ನನ್ನನ್ನು ವಾಪಸು ಕಳಿಸಿದ್ದರು. ತಪ್ಪು ಅವರದಲ್ಲ. ಹಿಂದಿನ ಎರಡು ದಿನ ಬಚ್ಚಲುಮನೆಯ ಚಿಲಕ ಹಾಕಿಕೊಂಡು ನಾನು ಮಾಡಿದ ಘನಕಾರ್ಯದ ಫಲ ಅದು.

ಶಿವಮೊಗ್ಗದ ಒಂದು ಪಿಯು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಮೇಷ್ಟ್ರು. ಇಪ್ಪತ್ತೆರಡು ವರ್ಷದ ಸರ್ವೀಸು. ಕೆಮ್ಮಿದರೆ, ಗ್ಯಾಸ್ ಸಿಲಿಂಡರ್ ಎತ್ತಿದರೆ ಬಲಗಡೆ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬರುತ್ತಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು. ಎರಡು ವರ್ಷ ಹಾಗೇ ತಳ್ಳಿದೆ. ಕೊನೆಗೆ ಮೌಲ್ಯಮಾಪನ ಮುಗಿದು ರಜೆ ಸಿಕ್ಕಾಗ ಒಂದು ಸೋಮವಾರ ಗೊತ್ತು ಮಾಡಿಕೊಂಡೆ. ಹಿಂದಿನ ವಾರ ಆಸ್ಪತ್ರೆಯ ಸಿಸ್ಟರ್ ಒಂದು ಹಾಳೆ ಕೊಟ್ಟರು. ರಾತ್ರಿ ಹನ್ನೆರಡರ ಮೇಲೆ ಏನೂ ತಿನ್ನಬಾರದು, ಉಂಗುರ ಬಿಚ್ಚಿಟ್ಟು ಬರಬೇಕು, ಹಳೆಯ ರಿಪೋರ್ಟುಗಳನ್ನು ತರಬೇಕು. ಎಲ್ಲ ಓದಿ ಹೇಳಿ, "ಪ್ರಿಪರೇಷನ್ ಎಲ್ಲ ಇಲ್ಲೇ ಮಾಡ್ತೀವಿ. ಏನಾದ್ರೂ ಕೇಳೋದಿದೆಯಾ ಸರ್?" ಅಂದರು.

"ಏನಿಲ್ಲಮ್ಮ" ಅಂದೆ. ಪ್ರತಿ ಕ್ಲಾಸಿನ ಕೊನೆಗೆ "ಡೌಟ್ಸ್ ಇದ್ರೆ ಕೇಳ್ರಪ್ಪಾ, ನಾಚಿಕೊಂಡ್ರೆ ನಿಮಗೇ ಲಾಸು" ಎನ್ನುವ ಮನುಷ್ಯ ನಾನು.

ಕೇಳಬೇಕಾದ್ದು ಇತ್ತು. ಮೂಲವ್ಯಾಧಿಗೆ ಆಪರೇಷನ್ ಮಾಡಿಸಿಕೊಂಡಿದ್ದ ಸಹೋದ್ಯೋಗಿಯೊಬ್ಬರು, ವಾರ್ಡ್‌ಬಾಯ್ ತಮ್ಮನ್ನು ಹೇಗೆ ಕುರಿಯ ಉಣ್ಣೆ ಕತ್ತರಿಸಿದ ಹಾಗೆ ಕತ್ತರಿಸಿದ ಎಂಬುದನ್ನು ಸ್ಟಾಫ್‌ರೂಮಿನಲ್ಲಿ ಅಭಿನಯಿಸಿ ತೋರಿಸಿದ್ದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈಗ ಆ ನಗು ನನ್ನ ಹೊಟ್ಟೆಯಲ್ಲೇ ತಿರುಗುತ್ತಿತ್ತು. ಈ ಊರಿನಲ್ಲಿ ನನ್ನ ಹತ್ತಿರ ಓದದ ಮನೆ ಕಡಿಮೆ. ನಾಳೆ ರೇಜರ್ ಹಿಡಿದು ಬರುವವನು "ಸರ್, ನಾನು 2011ರ ಬ್ಯಾಚು" ಎಂದುಬಿಟ್ಟರೆ? ಅದಕ್ಕಿಂತ ಮನೆಯಲ್ಲೇ ಶುಚಿ ಮಾಡಿಕೊಂಡು ಹೋಗಿಬಿಡುವುದು ಮೇಲು ಅನ್ನಿಸಿತು.

ಶನಿವಾರ ಸಂಜೆ ಮೆಡಿಕಲ್ ಶಾಪಿಗೆ ಹೋದೆ. ಗುರುತಿನವರು ಬೇಡವೆಂದು ದುರ್ಗಿಗುಡಿ ಬಿಟ್ಟು ಬಸ್‌ಸ್ಟ್ಯಾಂಡ್ ಕಡೆಯ ಅಂಗಡಿ. ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಏನೆಂದು ಕೇಳುವುದು? 'ಗುಪ್ತಾಂಗದ ಕೂದಲು' ಅಂದರೆ ಪೊಲೀಸ್ ಮಹಜರಿನ ಭಾಷೆ. 'ಆ ಜಾಗದ್ದು' ಅಂದರೆ ಯಾವ ಜಾಗ ಎಂದು ಕೇಳುತ್ತಾರೆ. ತಮಾಷೆ ನೋಡಿ, ನಮ್ಮ ಹುಡುಗರು ಸಿಟ್ಟು ಬಂದರೆ ದಿನಕ್ಕೆ ಹತ್ತು ಸಲ ಆ ಕೂದಲಿನ ಹೆಸರು ಹಿಡಿದೇ ಬೈಯುತ್ತಾರೆ. ಬೈಗುಳಕ್ಕೆ ಸಲೀಸಾಗಿ ಬರುವ ಪದ ಔಷಧಿ ಅಂಗಡಿಯ ಕಟ್ಟೆಯ ಮುಂದೆ ಗಂಟಲು ದಾಟುವುದಿಲ್ಲ. ಅಷ್ಟರಲ್ಲಿ ಒಳಗಿನಿಂದ ಬಂದ ಹುಡುಗ "ಸರ್! ನಮಸ್ಕಾರ ಸರ್!" ಅಂದ. ಹಳೆಯ ವಿದ್ಯಾರ್ಥಿ, ಈಗ ಬಿ ಫಾರ್ಮಾ ಮುಗಿಸಿದ್ದಾನಂತೆ. ಒಂದು ಸ್ಟ್ರಿಪ್ ಜ್ವರದ ಮಾತ್ರೆ ತೆಗೆದುಕೊಂಡು ಓಡಿಬಂದೆ. ಸರಿಯಾದ ಉತ್ತರ ಹೇಳಬಲ್ಲವನು ಎದುರಿಗೇ ನಿಂತಿದ್ದ ಎಂಬುದು ಆಗ ಹೊಳೆಯಲಿಲ್ಲ.

ಅಲ್ಲಿಂದ ನೇರ ಸೂಪರ್ ಮಾರ್ಕೆಟ್. ಅಲ್ಲಿ ಯಾರನ್ನೂ ಏನೂ ಕೇಳಬೇಕಿಲ್ಲ. ಬುಟ್ಟಿಯಲ್ಲಿ ತೊಗರಿಬೇಳೆ, ಅದರ ಕೆಳಗೆ ಕೂದಲು ತೆಗೆಯುವ ಕ್ರೀಮ್. ಅದನ್ನು ಆರಿಸಿದ್ದಕ್ಕೆ ಬೇರೆ ಯಾವ ಕಾರಣವೂ ಇರಲಿಲ್ಲ. ಬಾಯಿ ಬಿಡದೆ ಕೊಳ್ಳಬಹುದಾಗಿತ್ತು, ಅಷ್ಟೇ.

ಈ ಕ್ರೀಮಿನ ಒಳಗುಟ್ಟು ನನಗೆ ಗೊತ್ತಿಲ್ಲದ್ದಲ್ಲ. ಕೂದಲು ಎಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಏಣಿಯ ಮೆಟ್ಟಿಲಿನ ಹಾಗೆ ಹಿಡಿದಿಡುವುದು ಗಂಧಕದ ಡೈಸಲ್ಫೈಡ್ ಬಂಧಗಳು. ಕ್ರೀಮಿನಲ್ಲಿರುವ ಥಯೋಗ್ಲೈಕೊಲೇಟ್ ಆ ಮೆಟ್ಟಿಲುಗಳನ್ನು ಮುರಿಯುತ್ತದೆ. ಅದು ಚುರುಕಾಗಿ ಕೆಲಸ ಮಾಡಲು ಕ್ಷಾರ ಬೇಕು, ಹಾಗಾಗಿ ಪಿಎಚ್ 12ರ ಆಸುಪಾಸು. ಸುಣ್ಣದ ತಿಳಿಯೂ ಹೆಚ್ಚುಕಡಿಮೆ ಅಷ್ಟೇ ಖಾರ. ಹಳೆಯ ಆಯುರ್ವೇದ ಗ್ರಂಥಗಳಲ್ಲಿ ಹೇಳಿರುವ ಹರಿತಾಳ ಮತ್ತು ಶಂಖದ ಪುಡಿಯ ಲೇಪದಲ್ಲೂ ಇದೇ ಗಂಧಕ, ಇದೇ ಕ್ಷಾರ. ಹರಿತಾಳದಲ್ಲಿ ಆರ್ಸೆನಿಕ್ ಇರುತ್ತದೆ, ಯಾರೂ ಅದರ ತಂಟೆಗೆ ಹೋಗಬೇಡಿ. ಆದರೆ ಚರ್ಮದ ಮೇಲ್ಪದರವೂ ಕೆರಾಟಿನ್ನೇ. ಮೆಟ್ಟಿಲು ಮುರಿಯುವ ವಸ್ತುವಿಗೆ ಇದು ಕೂದಲು, ಇದು ಚರ್ಮ ಎಂಬ ಭೇದ ಇಲ್ಲ. ಕೂದಲು ಬೇಗ ಕರಗುತ್ತದೆ, ಚರ್ಮ ನಿಧಾನ. ಆ ಕೆಲವು ನಿಮಿಷಗಳ ಅಂತರದಲ್ಲಿ ಇಡೀ ವ್ಯಾಪಾರ ನಿಂತಿದೆ.

ಪ್ರಯೋಗಾಲಯದ ಶಿಸ್ತಿನ ಮನುಷ್ಯನಾದ್ದರಿಂದ ಮೊದಲು ಪರೀಕ್ಷೆ ಮಾಡಿದೆ. ಮುಂಗೈಗೆ ಚೂರು ಹಚ್ಚಿ ಐದು ನಿಮಿಷ ಬಿಟ್ಟು ತೊಳೆದೆ. ಉರಿಯಿಲ್ಲ, ಕೆಂಪಿಲ್ಲ. ಮುಂಗೈ ಪಾಸು. 24 ಗಂಟೆ ಕಾದು ನೋಡಿ ಎಂದು ಕವರಿನ ಮೇಲಿತ್ತು. ಅರ್ಧ ಗಂಟೆ ಕಾದೆ. ಜನನಾಂಗದ ಮೇಲೆ ಹಚ್ಚಬಾರದು ಎಂದೂ ಇತ್ತು. ಆ ಅಕ್ಷರಗಳನ್ನು ಓದಲು ಕನ್ನಡಕ ಬೇಕಿತ್ತು, ಕನ್ನಡಕ ಹಾಲಿನಲ್ಲಿತ್ತು, ಹಾಲಿನಲ್ಲಿ ಹೆಂಡತಿ ಇದ್ದಳು.

ಮೂರನೇ ನಿಮಿಷಕ್ಕೆ ಚುರುಚುರು. ನಾಲ್ಕಕ್ಕೆ, ಹಸಿಮೆಣಸಿನಕಾಯಿ ಅರೆದ ಕೈಯಲ್ಲಿ ಕಣ್ಣು ಉಜ್ಜಿಕೊಂಡ ಹಾಗೆ. ಕೆಲಸ ಅರ್ಧಕ್ಕೆ ಬಿಡುವುದು ಬೇಡವೆಂದು ಹಲ್ಲು ಕಚ್ಚಿಕೊಂಡು ಇನ್ನೂ ಒಂದು ನಿಮಿಷ ನಿಂತೆ. ಆ ಒಂದು ನಿಮಿಷಕ್ಕಾಗಿ ನಾನು ನನ್ನನ್ನು ಇನ್ನೂ ಕ್ಷಮಿಸಿಲ್ಲ. ಬಕೆಟ್ಟಿನ ನೀರನ್ನು ಮಗ್ಗಿನ ಮೇಲೆ ಮಗ್ಗು ಸುರಿದುಕೊಂಡೆ. ತೊಡೆಸಂದಿನ ಮಡಿಕೆಗಳಲ್ಲಿ ಚರ್ಮ ಬೆಂದ ಟೊಮೇಟೊ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಕೂದಲು ಅಲ್ಲಲ್ಲಿ ಹೋಗಿ ಅಲ್ಲಲ್ಲಿ ಉಳಿದು, ದನ ಮೇಯ್ದು ಬಿಟ್ಟ ಗದ್ದೆಯಾಗಿತ್ತು. ಕೊಬ್ಬರಿ ಎಣ್ಣೆ ಸವರಿಕೊಂಡು, ಲುಂಗಿ ಉಟ್ಟು, ಊಟಕ್ಕೆ ಹಸಿವಿಲ್ಲ ಎಂದು ಮಲಗಿದೆ.

ಅಲ್ಲಿಗೆ ನಿಲ್ಲಿಸಿದ್ದರೂ ಪಾರಾಗುತ್ತಿದ್ದೆನೇನೋ. ಭಾನುವಾರ ನಸುಕಿನ ಐದಕ್ಕೆ ಎದ್ದು ಗಡ್ಡದ ರೇಜರ್ ತೆಗೆದುಕೊಂಡೆ. ಈ ಮೇಯ್ದ ಗದ್ದೆಯನ್ನು ವಾರ್ಡ್‌ಬಾಯ್ ನೋಡಿದರೆ ಇನ್ನೂ ಅವಮಾನ ಎಂಬುದು ನನ್ನ ತರ್ಕ. ಹತ್ತು ದಿನ ಮುಖದ ಮೇಲೆ ಓಡಾಡಿ ಮೊಂಡಾದ ಮೂರು ಬ್ಲೇಡಿನ ರೇಜರ್. ಸೋಪಿನ ನೊರೆ. ಕೂದಲು ಬಂದ ದಿಕ್ಕಿಗೆ ವಿರುದ್ಧವಾಗಿ ಎಳೆದೆ, ನುಣ್ಣಗಾಗಲಿ ಎಂದು. ಕೆನ್ನೆಯ ಹಾಗೆ ಬಿಗಿಯಾಗಿ ನಿಲ್ಲುವ ಚರ್ಮವಲ್ಲ ಅದು, ಬ್ಲೇಡಿನ ಜೊತೆಗೇ ಮಡಿಚಿಕೊಂಡು ಬರುತ್ತದೆ. ಎರಡು ಕಡೆ ಕೊಯ್ದುಕೊಂಡೆ. ರಕ್ತ ನಿಲ್ಲಿಸಲು, ಕಟಿಂಗ್ ಶಾಪಿನಲ್ಲಿ ಮಾಡುವ ಹಾಗೆ, ಪಟಿಕದ ಕಲ್ಲು ಒತ್ತಿದೆ. ಆಮೇಲಿನ ಐದು ನಿಮಿಷದ ವರ್ಣನೆ ಬೇಡ.

ಸೋಮವಾರ ಬೆಳಿಗ್ಗೆ ಗೌನು ಸರಿಸಿ ನೋಡಿದ ಸರ್ಜನ್ ಒಂದು ಕ್ಷಣ ಸುಮ್ಮನಿದ್ದರು. ಕೊಯ್ದ ಗೆರೆಗಳ ಸುತ್ತ ಕೂದಲಿನ ಬುಡಬುಡಕ್ಕೂ ಕೆಂಪು ಗುಳ್ಳೆ ಎದ್ದಿದ್ದವು. ನಾಲ್ಕೈದರ ತುದಿ ಬೆಳ್ಳಗಾಗಿತ್ತು.

"ಯಾರು ಮಾಡಿದ್ದು ಇದನ್ನ?"

"ನಾನೇ ಸರ್. ನಿಮಗೆ ತೊಂದರೆ ಬೇಡ ಅಂತ…"

"ಮೇಷ್ಟ್ರೇ, ನಾನಿಲ್ಲಿ ಒಂದು ಮೆಶ್ ಇಡಬೇಕು. ಪಾಲಿಪ್ರೊಪಿಲೀನ್ ಬಲೆ. ಪಕ್ಕದಲ್ಲೇ ಕೀವು ಇಟ್ಕೊಂಡು ಅದನ್ನ ಒಳಗಿಟ್ರೆ, ಸೋಂಕು ಬಲೆಗೆ ಹತ್ತಿಕೊಂಡು ಕೂತ್ಕೊಳ್ಳುತ್ತೆ. ಆಮೇಲೆ ಬಲೆ ತೆಗೆಯೋಕೆ ಇನ್ನೊಂದು ಆಪರೇಷನ್. ಮನೆಗೆ ಹೋಗಿ. ಮೂರು ವಾರ ಬಿಟ್ಟು ಬನ್ನಿ. ಅಲ್ಲೀತನಕ ಅಲ್ಲಿಗೆ ಕೈ ಹಚ್ಚಬೇಡಿ."

ಹೆಂಡತಿಗೆ ಹೇಳಲೇಬೇಕಾಯಿತು. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಅಲ್ರೀ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಅಂದಳು. ಮಗನ ಹೆರಿಗೆಯ ದಿನ ನೋವು ತಿನ್ನುತ್ತಾ ಮಲಗಿದ್ದವಳಿಗೆ ಆಯಾ ಒಬ್ಬಳು ಬಂದು ಬ್ಲೇಡಿನಲ್ಲಿ ಬರಬರನೆ ಕೆರೆದು ಹೋಗಿದ್ದಳಂತೆ. ಹೊಲಿಗೆಯ ನೋವು ವಾರದಲ್ಲಿ ಹೋಯಿತು, ಕೂದಲು ಮತ್ತೆ ಹುಟ್ಟುವಾಗಿನ ತುರಿಕೆ ಮತ್ತು ಕುರು ತಿಂಗಳುಗಟ್ಟಲೆ ಕಾಡಿತು ಎಂದಳು. ಆಮೇಲೆ ಅವಳು ಸಣ್ಣ ಕತ್ತರಿ ಬಿಟ್ಟು ಬೇರೇನೂ ಮುಟ್ಟಿಸಿಲ್ಲವಂತೆ. ಹತ್ತೊಂಬತ್ತು ವರ್ಷದಿಂದ ನನ್ನ ಮನೆಯಲ್ಲೇ ಇದ್ದ ತಿಳಿವಳಿಕೆ ಅದು. ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಹೆರಿಗೆಗೆ ಮುನ್ನ ಹೀಗೆ ವಾಡಿಕೆಯಂತೆ ಬೋಳಿಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ ಎಂದು ಆಮೇಲೆ ಓದಿ ಅವಳಿಗೆ ತೋರಿಸಿದೆ. "ಹೌದಾ? ನಮಗಾಗಲೇ ಗೊತ್ತಿತ್ತು" ಅಂದಳು.

ಮೂರು ವಾರ ರಜೆ, ಕೆಲಸವಿಲ್ಲ. ಓದಲು ಕೂತೆ. 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಕಥೆಯನ್ನೇ ಅಂಕಿಗಳಲ್ಲಿ ಬರೆದಿಟ್ಟಿತ್ತು. ಆಪರೇಷನ್ನಿಗೆ ಮುನ್ನ ರೇಜರಿನಲ್ಲಿ ಬೋಳಿಸಿದವರಲ್ಲಿ ಶೇ. 5.6 ಮಂದಿಗೆ ಗಾಯದಲ್ಲಿ ಸೋಂಕು. ಕೂದಲು ತೆಗೆಯದವರಲ್ಲಿ, ಅಥವಾ ಕ್ರೀಮಿನಿಂದ ತೆಗೆದವರಲ್ಲಿ ಶೇ. 0.6. ಬೋಳಿಸಿ 24 ಗಂಟೆಗಿಂತ ಹೆಚ್ಚು ಕಳೆದಿದ್ದರೆ ಆ ಲೆಕ್ಕ ಶೇ. 20 ದಾಟಿತ್ತು. ಭಾನುವಾರ ಐದರಿಂದ ಸೋಮವಾರ ಎಂಟಕ್ಕೆ 27 ಗಂಟೆ. ರೇಜರ್ ಕಣ್ಣಿಗೆ ಕಾಣದ ನೂರಾರು ಗೀರು ಬಿಡುತ್ತದೆ, ಆ ಗೀರುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಲು ನಾವೇ ಒಂದು ರಾತ್ರಿ ಬಿಡುವು ಕೊಡುತ್ತೇವೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನೇರವಾಗಿಯೇ ಹೇಳಿತು: ಆಪರೇಷನ್ನಿಗೆ ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಮಾತ್ರ, ರೇಜರ್ ಬೇಡ.

ಹಾಗಾದರೆ ಕ್ರೀಮಿಗೆ ಒಳ್ಳೆಯ ಅಂಕ ಬಂದಿದೆಯಲ್ಲ ಎಂದರೆ, ನನ್ನ ಪರೀಕ್ಷೆಯ ತಪ್ಪು ಅಲ್ಲಿದೆ. ಹಚ್ಚಿದ ಔಷಧಿಯನ್ನು ಮೈಯ ಯಾವ ಭಾಗ ಎಷ್ಟು ಹೀರುತ್ತದೆ ಎಂದು 1967ರಲ್ಲೇ ಅಳೆದಿದ್ದಾರೆ. ಹೈಡ್ರೊಕಾರ್ಟಿಸೋನನ್ನು ವೃಷಣದ ಚೀಲದ ಚರ್ಮ ಮುಂಗೈಗಿಂತ 42 ಪಟ್ಟು ಹೆಚ್ಚು ಹೀರಿತ್ತು. ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲಿ ಪಾಸಾದವನನ್ನು ಎಂ.ಎಸ್ಸಿ. ಪರೀಕ್ಷೆಗೆ ಕೂರಿಸಿದ್ದೆ ನಾನು.

ಎರಡನೇ ಸಲ ಹೋದಾಗ ವಾರ್ಡ್‌ಬಾಯ್ ತಂದದ್ದು ಅಂಗೈ ಅಗಲದ ಕ್ಲಿಪ್ಪರ್. ಅದರ ತಲೆಯನ್ನು ಕವರಿನಿಂದ ಹೊಸದಾಗಿ ತೆಗೆದು ಸಿಕ್ಕಿಸಿದ. ಕತ್ತರಿಸುವಷ್ಟು ಜಾಗ ಮಾತ್ರ, ಒಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು, ಗುಂಯ್ ಎಂದು ನಾಲ್ಕು ಸಲ ಓಡಿಸಿದ. ಅಗಲದ ಅಂಟುಪಟ್ಟಿಯನ್ನು ಕೈಗೆ ಉಲ್ಟಾ ಸುತ್ತಿಕೊಂಡು ಉದುರಿದ ಕೂದಲನ್ನು ಒತ್ತಿ ಎತ್ತಿದ. ಎರಡು ನಿಮಿಷ. ಅಷ್ಟು ಹೊತ್ತೂ ಅವನು ಮಾತಾಡಿದ್ದು ಹಿಂದಿನ ರಾತ್ರಿಯ ಕ್ರಿಕೆಟ್ ಮ್ಯಾಚಿನ ಬಗ್ಗೆ. ಅವನು ಯಾವ ಬ್ಯಾಚಿನವನೂ ಆಗಿರಲಿಲ್ಲ, ತೀರ್ಥಹಳ್ಳಿ ಕಡೆಯ ಹುಡುಗ.

ಈಗ ಮನೆಯಲ್ಲಿ ಒಂದು ಟ್ರಿಮ್ಮರ್ ಇದೆ, ಗಡ್ಡದ್ದು ಬೇರೆ, ಇದು ಬೇರೆ. ಮೂರು ಮಿಲಿಮೀಟರಿನ ಬಾಚಣಿಗೆ ಸಿಕ್ಕಿಸಿದರೆ ಬ್ಲೇಡು ಚರ್ಮ ಮುಟ್ಟುವುದಿಲ್ಲ. ನುಣ್ಣಗಾಗುವುದಿಲ್ಲ ನಿಜ, ನುಣ್ಣಗಾಗದಿರುವುದೇ ಅದರ ಗುಣ. ಎರಡು ಮೂರು ಬ್ಲೇಡಿನ ರೇಜರ್ ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಆ ಜಾಗದ ಕೂದಲು ಗುಂಗುರು, ಮತ್ತೆ ಬೆಳೆಯುವಾಗ ತಿರುಗಿ ಒಳಗೇ ಚುಚ್ಚಿಕೊಂಡು ಗುಳ್ಳೆಯಾಗುತ್ತದೆ. ರೇಜರೇ ಬೇಕೆನ್ನುವವರು ಮೊದಲು ಕತ್ತರಿಯಿಂದ ಗಿಡ್ಡ ಮಾಡಿ, ಬಿಸಿನೀರಿನ ಸ್ನಾನದ ಮೇಲೆ, ಹೊಸ ಬ್ಲೇಡಿನಲ್ಲಿ, ಕೂದಲು ಬಂದ ದಿಕ್ಕಿಗೇ ಎಳೆಯಲಿ. ಇನ್ನೊಬ್ಬರ ರೇಜರ್ ಮಾತ್ರ ಮುಟ್ಟಬಾರದು, ಕಾಮಾಲೆಯ ವೈರಸ್ಸು ಹಾಗೆ ದಾಟಬಹುದು. ಸಕ್ಕರೆ ಕಾಯಿಲೆ ಇದ್ದವರು ಸಣ್ಣ ಗೀರನ್ನೂ ಸಣ್ಣದೆನ್ನಬಾರದು. ಕೂದಲು ಇದ್ದರೆ ಕೊಳಕು ಎಂಬುದೂ ನಿಜವಲ್ಲ. ಉಜ್ಜಾಟದಿಂದ ಚರ್ಮ ಕಾಯುವುದು ಅದರ ಕೆಲಸ. ದಿನಾ ಸ್ನಾನ ಮಾಡುವವರು ಏನನ್ನೂ ತೆಗೆಯದಿದ್ದರೂ ನಷ್ಟವಿಲ್ಲ.

ಮಗ ಮೈಸೂರಿನ ಹಾಸ್ಟೆಲಿನಿಂದ ಬಂದಾಗ ಇದನ್ನೆಲ್ಲ ಅವನಿಗೆ ಹೇಳಿದೆ. ಕಿವಿ ಕೆಂಪಾಗಿದ್ದು ನನ್ನದು. ಅವನು ಮೊಬೈಲಿನಿಂದ ತಲೆ ಎತ್ತದೆ "ಗೊತ್ತಪ್ಪಾ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಟ್ರಿಮ್ಮರ್ ಬ್ಲೇಡಿಗೆ ಎಣ್ಣೆ ಬಿಡಬೇಕಾ?" ಎಂದು ಕೇಳಿದ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಯಾವ ಡೌಟಿಗೂ ನಾನು ಅಷ್ಟು ಸಂತೋಷದಿಂದ ಉತ್ತರ ಹೇಳಿಲ್ಲ.

ಹೊಟ್ಟೆಯ ಕೆಳಗೆ ಆಪರೇಷನ್ ಆಗಬೇಕಿರುವವರಿಗೆ ನನ್ನದೊಂದು ಬೇಡಿಕೆ. ಮನೆಯಲ್ಲಿ ಏನನ್ನೂ ಹಚ್ಚಬೇಡಿ, ಬೋಳಿಸಬೇಡಿ. "ಏನಾದ್ರೂ ಕೇಳೋದಿದೆಯಾ?" ಎಂದು ಸಿಸ್ಟರ್ ಕೇಳಿದಾಗ, ಇದೆ ಅನ್ನಿ.